ಗ್ರಾಫ್ ವಿಭಜನೆಯ ಹೊದಿಕೆ: ಅದನ್ನು ಪ್ಯಾಕೇಜಾಗಿ ಕಟ್ಟುವ ಕ್ರಮ

ಒಂದು ದೊಡ್ಡ ಗಣನಕಾರ್ಯವನ್ನು ಅನೇಕ ಗಣಕಗಳಿಗೆ ಹಂಚುವಾಗ ಎರಡು ಅಪೇಕ್ಷೆಗಳುಂಟು: ಎಲ್ಲಕ್ಕೂ ಹೊರೆ ಸಮವಾಗಿರಬೇಕು, ಅವು ಪರಸ್ಪರ ಕಳುಹಿಸುವ ಸಂದೇಶಗಳು ಅಲ್ಪವಾಗಿರಬೇಕು. ಕಾರ್ಯದ ಭಾಗಗಳನ್ನು ಶೃಂಗಗಳೆಂದೂ ಅವುಗಳ ಪರಸ್ಪರಾವಲಂಬನವನ್ನು ಅಂಚುಗಳೆಂದೂ ಭಾವಿಸಿದರೆ ಈ ಪ್ರಶ್ನೆಯೇ ಗ್ರಾಫ್ ವಿಭಜನೆಯೆನಿಸುವುದು. ಶೃಂಗಗಳನ್ನು ಸಮಪ್ರಾಯವಾದ ಗುಂಪುಗಳಾಗಿ ಒಡೆದು, ಕತ್ತರಿಸಿಹೋಗುವ ಅಂಚುಗಳನ್ನು ಕಡಮೆಮಾಡುವುದೇ ಇದರ ಉದ್ದೇಶ.

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಜಾರ್ಜ್ ಕಾರಿಪಿಸ್, ವಿಪಿನ್ ಕುಮಾರ್ ಎಂಬ ವಿದ್ವಾಂಸರು ರಚಿಸಿದ ಮೆಟಿಸ್ ಲೈಬ್ರರಿಯು ಈ ಕಾರ್ಯಕ್ಕೆ ಪ್ರಸಿದ್ಧವಾದುದು. ಅದು ಗ್ರಾಫನ್ನು ಹಂತಹಂತವಾಗಿ ಸಂಕ್ಷೇಪಿಸಿ, ಸಂಕ್ಷಿಪ್ತರೂಪವನ್ನು ವಿಭಜಿಸಿ, ಆ ವಿಭಾಗವನ್ನು ತಿದ್ದುತ್ತ ಪೂರ್ವದ ವಿಸ್ತಾರಕ್ಕೆ ಒಯ್ಯುತ್ತದೆ. ಮೆಟಿಸ್ ಸಿ ಭಾಷೆಯಲ್ಲಿರುವುದರಿಂದ, ಪೈಥಾನ್ ಭಾಷೆಯಲ್ಲಿ ಬರೆಯುವವರಿಗೆ ಅದನ್ನು ನಿಲುಕಿಸಲು ಪೈಮೆಟಿಸ್ ಎಂಬ ಹೊದಿಕೆ ಹುಟ್ಟಿತು. ಹೊದಿಕೆಯು ತಾನಾಗಿ ಏನನ್ನೂ ವಿಭಜಿಸದು. ವ್ಯಾಖ್ಯಾನವು ಮೂಲಗ್ರಂಥವನ್ನು ಹೇಗೋ ಹಾಗೆ, ಅದು ಮೆಟಿಸನ್ನು ಆಶ್ರಯಿಸಿದೆ.

ಇಂತಹ ಹೊದಿಕೆಯನ್ನು 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಕಾರ್ಯಾಚರಣ ವ್ಯವಸ್ಥೆಗಾಗಿ ಕಟ್ಟುವವನು ಮೂರು ವಿಷಯಗಳನ್ನು ನಿರ್ಣಯಿಸತಕ್ಕದ್ದು.

ಮೊದಲನೆಯದು ಪರವಾನಗಿ. ಸ್ವತಂತ್ರ ತಂತ್ರಾಂಶಕ್ಕೆ ಡೆಬಿಯನ್ 1997ರಲ್ಲಿ ಲಕ್ಷಣಗಳನ್ನು ವಿಧಿಸಿತು. ಹೊದಿಕೆಯು ಸ್ವತಃ ಸ್ವತಂತ್ರವಾಗಿದ್ದರೂ ಅದರ ಆಧಾರವು ಅಸ್ವತಂತ್ರವಾಗಿದ್ದರೆ, ಹೊದಿಕೆಗೆ ಪ್ರಧಾನ ಭಂಡಾರದಲ್ಲಿ ಸ್ಥಾನವಿಲ್ಲ. ಅದು ‘ಕಾಂಟ್ರಿಬ್’ ವಿಭಾಗಕ್ಕೆ ಸೇರುವುದು. ಮೆಟಿಸ್‌ನ ಹಳೆಯ ಆವೃತ್ತಿಗಳ ಬಳಕೆಗೆ ನಿರ್ಬಂಧಗಳಿದ್ದವು, 2013ರ 5.1.0 ಆವೃತ್ತಿಯಾದರೋ ಅಪಾಚೆ 2.0 ಪರವಾನಗಿಯುಳ್ಳದ್ದು. ಆದಕಾರಣ ಹೆಸರನ್ನು ಮಾತ್ರ ನೋಡದೆ ಆವೃತ್ತಿಯನ್ನೂ ನೋಡಬೇಕು.

ಎರಡನೆಯದು ಮೂಲದ ಏಕತೆ. ಪೈಮೆಟಿಸ್ ತನ್ನೊಡನೆ ಮೆಟಿಸ್‌ನ ಒಂದು ಪ್ರತಿಯನ್ನೇ ಹೊತ್ತು ತರುತ್ತದೆ. ಇದು ಬಳಸುವವನಿಗೆ ಸುಲಭ. ವ್ಯವಸ್ಥೆಗೆ ಮಾತ್ರ ಕಂಟಕ. ಪ್ರತಿಯೊಬ್ಬ ವ್ಯಾಖ್ಯಾನಕಾರನೂ ತನ್ನದೇ ಮೂಲಪಾಠವನ್ನು ಬರೆದಿಟ್ಟುಕೊಂಡರೆ, ಒಂದು ಓಲೆಯಲ್ಲಿ ತಿದ್ದಿದ ತಪ್ಪು ಉಳಿದ ಓಲೆಗಳಲ್ಲಿ ಹಾಗೆಯೇ ನಿಲ್ಲುವುದಷ್ಟೆ. ಆದ್ದರಿಂದ ಒಳಪ್ರತಿಯನ್ನು ಬಿಟ್ಟು, ವ್ಯವಸ್ಥೆಯಲ್ಲಿರುವ ಮೆಟಿಸ್‌ನೊಡನೆಯೇ ಹೊದಿಕೆಯನ್ನು ಜೋಡಿಸುವುದು ಡೆಬಿಯನ್ನಿನ ನೀತಿಗೆ ಸಮ್ಮತವಾದ ಮಾರ್ಗ.

ಮೂರನೆಯದು ಅತ್ಯಂತ ಸೂಕ್ಷ್ಮ. ಮೆಟಿಸ್‌ನ ಪೂರ್ಣಾಂಕಗಳನ್ನು 32 ಅಥವಾ 64 ಬಿಟ್‌ಗಳ ಅಗಲಕ್ಕೆ ಕಟ್ಟಬಹುದು. 32 ಬಿಟ್‌ಗಳಲ್ಲಿ ಹಿಡಿಯುವ ಗರಿಷ್ಠ ಸಂಖ್ಯೆ 2,14,74,83,647. ಪ್ರತಿಯೊಂದು ಅಂಚೂ ಪಟ್ಟಿಯಲ್ಲಿ ಎರಡು ಸಲ ಬರುವುದರಿಂದ ಸುಮಾರು 107 ಕೋಟಿ ಅಂಚುಗಳೇ ಅದಕ್ಕೆ ಮಿತಿ. ಲೈಬ್ರರಿಯು 32ರಲ್ಲಿಯೂ ಹೊದಿಕೆಯು 64ರಲ್ಲಿಯೂ ಇದ್ದರೆ, ಹೊದಿಕೆ ಕಳುಹಿಸಿದ ಒಂದು ಸಂಖ್ಯೆಯನ್ನು ಲೈಬ್ರರಿಯು ಎರಡಾಗಿ ಓದುವುದು. ಜೋಡಣೆಯ ಕಾಲದಲ್ಲಿ ಯಾವ ಎಚ್ಚರಿಕೆಯೂ ಬಾರದೆ ಇರಬಹುದು. ಕಾರ್ಯಕ್ರಮವು ಕುಸಿದುಬಿದ್ದರೆ ಲೇಸು. ಕುಸಿಯದೆ ತಪ್ಪು ವಿಭಾಗವನ್ನು ಕೊಟ್ಟರೆ ಸಂಶೋಧಕನು ಅದನ್ನೇ ನಂಬುವನು.

ಈ ಅಪಾಯಕ್ಕೆ ಪರಿಹಾರವೆಂದರೆ ಕಟ್ಟುವಾಗಲೇ ಪರೀಕ್ಷಿಸುವುದು. ಚಿಕ್ಕ ಗ್ರಾಫೊಂದನ್ನು ವಿಭಜಿಸಿ, ಪ್ರತಿಯೊಂದು ಶೃಂಗಕ್ಕೂ ಒಂದೊಂದು ಭಾಗವು ದೊರೆತಿದೆಯೆ, ಭಾಗಗಳು ಸಮತೂಕವಾಗಿವೆಯೆ, ಕತ್ತರಿಸಿದ ಅಂಚುಗಳ ಎಣಿಕೆಯು ಹೊದಿಕೆ ಹೇಳುವುದಕ್ಕೆ ಸರಿಹೊಂದುವುದೆ ಎಂದು ನೋಡಬೇಕು. ನಿಯತವಾದ ಒಂದೇ ವಿಭಾಗವನ್ನು ನಿರೀಕ್ಷಿಸುವುದು ಯುಕ್ತವಲ್ಲ. ಆವೃತ್ತಿಭೇದದಿಂದ ಸಮಾನಗುಣದ ಬೇರೆ ವಿಭಾಗವು ಬರಬಹುದು.

ಹೊದಿಕೆಯು ತೆಳುವಾದುದೆಂಬ ಕಾರಣದಿಂದ ಅದನ್ನು ಕಟ್ಟುವ ಹೊಣೆಯು ಹಗುರಾಗದು. ಮೂಲವು ಹೇಳಿದ್ದನ್ನು ಹೆಚ್ಚುಕಡಮೆಯಿಲ್ಲದೆ ಮುಟ್ಟಿಸುವುದರಲ್ಲಿಯೇ ಅದರ ಸಾರ್ಥಕ್ಯವಿದೆ.