ಬಾವಿಯ ಕಲ್ಲಿನಲ್ಲಿ ಸಿಕ್ಕ ಹರಳು ಯಾರದು?



ಸೋಲಾಪುರ, ಅಕ್ಕಲಕೋಟ ಕಡೆ ಹೊಸ ಬಾವಿ ತೋಡಿದರೆ ದಂಡೆಯ ಮೇಲೆ ಕರಿಕಲ್ಲಿನ ರಾಶಿ ಬೀಳುತ್ತದೆ. ಆ ಕಲ್ಲುಗಳನ್ನು ಒಮ್ಮೆ ಹೊರಳಿಸಿ ನೋಡ್ರಿ. ಕೆಲವದರಲ್ಲಿ ಸಣ್ಣ ಸಣ್ಣ ಪೊಟರೆ ಕಾಣ್ತಾವ. ದೈವ ಇದ್ದರೆ ಪೊಟರೆಯೊಳಗೆ ಬಿಳಿ ಹರಳು ಮಿಂಚುತ್ತಿರುತ್ತದೆ. ಅದನ್ನು ಜೇಬಿಗೆ ಹಾಕ್ಕೊಂಡು ಶಾಲೆಗೆ ತರಬೇಕು ಅನ್ನಿಸುವುದು ಸಹಜ. ಆದರೆ ಆ ಹರಳು ಯಾರದು? ಕಂಡವರದೋ, ಹೊಲದ ಮಾಲಕರದೋ, ಸರ್ಕಾರದ್ದೋ?

ಹರಳು ಬಂದದ್ದು ಎಲ್ಲಿಂದ?

ನಮ್ಮ ಕಾಲಡಿ ಇರುವುದು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿದು ಆದ ಕಲ್ಲು ಇದು. ಲಾವಾದಲ್ಲಿದ್ದ ಅನಿಲದ ಗುಳ್ಳೆಗಳ ಜಾಗ ಖಾಲಿ ಉಳಿದು ಪೊಟರೆಗಳಾದವು. ಮುಂದೆ ಬಿಸಿನೀರು ಬಿರುಕುಗಳಲ್ಲಿ ಹರಿಯಿತು. ಅದು ಕರಗಿಸಿ ತಂದ ಸಿಲಿಕಾ, ಕ್ಯಾಲ್ಸಿಯಂ, ಅಲ್ಯುಮಿನಿಯಂ ಪೊಟರೆಗಳಲ್ಲಿ ಹರಳುಗಟ್ಟಿದವು. ಬೆಣಚುಕಲ್ಲು, ಕ್ಯಾಲ್ಸೈಟ್, ಜಿಯೊಲೈಟ್ ಹುಟ್ಟಿದ್ದು ಹೀಗೆ.

ಜಿಯೊಲೈಟ್ ಅಂದರೆ ‘ಕುದಿಯುವ ಕಲ್ಲು’. 1756ರಲ್ಲಿ ಸ್ವೀಡನ್ನಿನ ಕ್ರಾನ್‌ಸ್ಟೆಡ್ ಈ ಹರಳನ್ನು ಕಾಯಿಸಿದಾಗ ಒಳಗಿನ ನೀರು ಆವಿಯಾಗಿ ಹೊರಬಿತ್ತು; ಅದಕ್ಕೇ ಆ ಹೆಸರು. ಪುಣೆ ಹತ್ತಿರದ ವಾಘೋಲಿಯ ಕಲ್ಲು ಕ್ವಾರಿಗಳಲ್ಲಿ ಸಿಕ್ಕ ನೀಲಿ ಕ್ಯಾವನ್‌ಸೈಟ್ ಇಂದು ವಿದೇಶದ ವಸ್ತುಸಂಗ್ರಹಾಲಯಗಳಲ್ಲೂ ಇದೆ. ಅಲ್ಲಿ ಕಲ್ಲು ಒಡೆಯುತ್ತಿದ್ದದ್ದು ಖಡಿಗಾಗಿ. ಯಾರೋ ಗಮನಿಸಿ ಎತ್ತಿಟ್ಟ ಹರಳು ಉಳಿಯಿತು, ಉಳಿದದ್ದು ಕ್ರಷರ್ ಸೇರಿತು.

ಕಾಯ್ದೆ ಏನು ಹೇಳ್ತದ?

ಮಹಾರಾಷ್ಟ್ರ ಜಮೀನು ಮಹಸೂಲು ಸಂಹಿತೆ, 1966ರ 48ನೇ ಕಲಮಿನ ಪ್ರಕಾರ ಖನಿಜಗಳ ಹಕ್ಕು ರಾಜ್ಯ ಸರ್ಕಾರದ್ದು. ಹೊಲ, ಬದು, ನಾಲೆ, ನದಿಪಾತ್ರ, ಹಳೇ ಕಲ್ಲುರಾಶಿ ಎಲ್ಲವೂ ಅದರೊಳಗೆ ಬಂದವು. ಸಾತ್‌ಬಾರಾದಲ್ಲಿ ನಿಮ್ಮ ಅಪ್ಪನ ಹೆಸರಿದೆ ಅಂದ ಮಾತ್ರಕ್ಕೆ ಖನಿಜ ನಿಮ್ಮದಾಗುವುದಿಲ್ಲ. ಪರವಾನಗಿ ಇಲ್ಲದೆ ಅಗೆಯುವುದಷ್ಟೇ ಅಲ್ಲ, ‘ಎತ್ತಿಕೊಳ್ಳುವುದು’ ಕೂಡ ಆ ಕಲಮಿನಲ್ಲಿ ತಪ್ಪು, ಅದಕ್ಕೆ ದಂಡವಿದೆ. 2015ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಕ್ಯಾಲ್ಸೈಟ್, ಅಗೇಟ್‌ಗಳನ್ನೂ ಮರಳು, ಮುರುಮಗಳಂತೆ ‘ಗೌಣ ಖನಿಜ’ ಎಂದು ಸಾರಿತು.

ಅಡವಿಯಲ್ಲಿ ಇನ್ನೂ ಬಿಗಿ. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ಕಲ್ಲು, ಖನಿಜ ಕೂಡ ಅರಣ್ಯ ಉತ್ಪನ್ನವೇ. ನಾನ್ನಜ್‌ನ ಮಾಳಢೋಕ ಅಭಯಾರಣ್ಯಕ್ಕೆ ಹೋದರೆ ಬರಿಗೈಲೆ ಬರ್ರಿ.

ಬೇರೆ ಕಡೆ ಹೇಗದ?

ಅಮೆರಿಕದಲ್ಲಿ 1872ರ ಗಣಿ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಸರ್ಕಾರಿ ಜಮೀನಿನಲ್ಲಿ ಬೆಲೆಬಾಳುವ ಖನಿಜ ಕಂಡ ನಾಗರಿಕ ಗೂಟ ನೆಟ್ಟು ಗಣಿಹಕ್ಕು ಸಾಧಿಸಬಹುದು. ಆಮೇಲೆ ಆ ಗೂಟದೊಳಗಿನ ಖನಿಜವನ್ನು ಅವನ ಒಪ್ಪಿಗೆ ಇಲ್ಲದೆ ಬೇರೆಯವರು ಮುಟ್ಟುವಂತಿಲ್ಲ. ಆದರೆ ಹವ್ಯಾಸಿಗಳಿಗೂ ಅಲ್ಲಿ ಜಾಗ ಅದ. ಭೂ ನಿರ್ವಹಣಾ ಬ್ಯೂರೋದ ಜಮೀನಿನಲ್ಲಿ ಕಲ್ಲಾದ ಮರದ ತುಣುಕನ್ನು ದಿನಕ್ಕೆ 25 ಪೌಂಡ್, ಅಂದರೆ ಸುಮಾರು 11 ಕಿಲೋ, ಪುಕ್ಕಟೆ ಒಯ್ಯಬಹುದು. ವರ್ಷಕ್ಕೆ 250 ಪೌಂಡ್ ಮಿತಿ. ಮಾರುವ ಹಾಗಿಲ್ಲ.

ನಮ್ಮ 48ನೇ ಕಲಮಿನಲ್ಲಿ ಇಂಥ ಮಿತಿಯ ಮಾತಿಲ್ಲ. ಟ್ರಕ್‌ಗಟ್ಟಲೆ ಮುರುಮ ಕದಿಯುವವನಿಗೂ ಒಂದು ಹರಳು ಎತ್ತುವ ಎಂಟನೇ ಇಯತ್ತೆಯ ಹುಡುಗಿಗೂ ಅದು ಬೇರೆ ಬೇರೆ ಸಾಲು ಬರೆದಿಲ್ಲ. ಶಾಲೆಯ ಸಂಗ್ರಹಕ್ಕಾದರೂ ನಾಲ್ಕಾರು ಕಿಲೋದ ಮಿತಿ ಇಟ್ಟರೆ ಸರ್ಕಾರಕ್ಕೆ ನಷ್ಟವಿಲ್ಲ, ವಿಜ್ಞಾನಕ್ಕೆ ಲಾಭ ಅಂತ ನನ್ನ ಅಭಿಪ್ರಾಯ.

ಹಾಗಾದರೆ ನಾವು ಏನು ಮಾಡೋಣ?

• ಮೊದಲು ಹೊಲದವರನ್ನು ಕೇಳಿ. ಹರಳನ್ನು ಕಂಡ ಜಾಗದಲ್ಲೇ ಚಿತ್ರ ಬರೆದು, ಫೋಟೋ ತೆಗೆದುಕೊಳ್ಳಿ.
• ಶಾಲೆಗೆ ಮಾದರಿ ಬೇಕಾದರೆ ಮುಖ್ಯಾಧ್ಯಾಪಕರ ಸಹಿಯ ಪತ್ರ ಬರೆದು ತಹಶೀಲ್ದಾರರ ಅನುಮತಿ ಕೇಳೋಣ. ಅರ್ಜಿ ಬರೆಯುವುದೂ ಒಂದು ಪಾಠವೇ.
• ನಡೆಯುತ್ತಿರುವ ಕ್ವಾರಿಗೆ, ಕಟ್ಟೆ ಕಟ್ಟದ ಬಾವಿಯ ಅಂಚಿಗೆ ಒಬ್ಬರೇ ಹೋಗಬೇಡಿ. ಸುರಂಗ ಹಾರಿಸುವ ಹೊತ್ತು ನಿಮಗೆ ಗೊತ್ತಿರುವುದಿಲ್ಲ.
• ಅನುಮತಿಯಿಂದ ತಂದ ಮಾದರಿಗೆ ಚೀಟಿ ಅಂಟಿಸಿ: ಊರು, ಜಾಗ, ಆಳ, ತಾರೀಖು. ಗಾಜನ್ನು ಗೀರಿತೇ? ಗುರುಗಳ ಮುಂದೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಾಗ ನೊರೆ ಬಂತೇ? ಗೀರಿದರೆ ಬೆಣಚುಕಲ್ಲು ಇರಬಹುದು, ನೊರೆ ಬಂದರೆ ಕ್ಯಾಲ್ಸೈಟ್ ಇರಬಹುದು.

ಚೀಟಿ ಇಲ್ಲದ ಹರಳು ಬರೀ ಚೆಂದದ ಕಲ್ಲು. ಚೀಟಿ ಇದ್ದರೆ ಅದು ನಮ್ಮ ನೆಲದ ದಾಖಲೆ.