ಮೂರೆಲೆಯ ಕಳೆ ಯಾವುದು?

ಮಳೆಗಾಲದಲ್ಲಿ ಹಿತ್ತಲಿನ ಪಾತಿಗಳಲ್ಲಿಯೂ ಹೂಕುಂಡಗಳಲ್ಲಿಯೂ ಬಚ್ಚಲ ನೀರು ಹರಿಯುವ ಕಡೆಯಲ್ಲಿಯೂ ನೆಲಕ್ಕೆ ಅಂಟಿಕೊಂಡು ಹರಡುವ ಒಂದು ಪುಟ್ಟ ಗಿಡವನ್ನು ನಾವೆಲ್ಲರೂ ಕಂಡಿದ್ದೇವೆ. ಒಂದೊಂದು ತೊಟ್ಟಿನ ತುದಿಯಲ್ಲಿ ಮೂರು ಮೂರು ಕಿರುಎಲೆಗಳು. ತೋಟವನ್ನು ಶುಚಿಮಾಡುವವರು ಇಂಥವನ್ನೆಲ್ಲ ಕಳೆಯೆಂದು ಕಿತ್ತೆಸೆಯುವುದು ವಾಡಿಕೆ. ಆದರೆ ಮೂರೆಲೆಯ ತೆವಳುಗಿಡಗಳೆಲ್ಲ ಒಂದೇ ಅಲ್ಲ. ಕೆಲವು ಮಣ್ಣಿನ ಸಾರವನ್ನು ಹೆಚ್ಚಿಸುವ ಮಿತ್ರರು. ಕೆಲವು ಆ ಸಾರದಲ್ಲಿ ಪಾಲು ಬೇಡುವ ಅತಿಥಿಗಳು. ಆದುದರಿಂದ ಕೀಳುವ ಮುನ್ನ ಗುರುತಿಸುವುದು ಲೇಸು.

ಮೊದಲು ಎಲೆಯನ್ನು ನೋಡೋಣ. ಕಿರುಎಲೆಗಳು ಮೂರೂ ಹೃದಯದ ಆಕಾರದವಾಗಿದ್ದು, ಹೊರತುದಿಯಲ್ಲಿ ಆಳವಾದ ಕಚ್ಚುಳ್ಳವಾಗಿ, ತೊಟ್ಟಿನ ಒಂದೇ ಬಿಂದುವಿನಲ್ಲಿ ಕೂಡಿದ್ದರೆ ಅದು ಬಹುಮಟ್ಟಿಗೆ ಹುಳಿಸೊಪ್ಪು. ಸಂಸ್ಕೃತದಲ್ಲಿ ಇದು ಚಾಂಗೇರಿ. ಸಸ್ಯಶಾಸ್ತ್ರದಲ್ಲಿ ಆಕ್ಸಾಲಿಸ್ ಕಾರ್ನಿಕ್ಯುಲೇಟ. ಈ ಹೆಸರನ್ನು ಲಿನೇಯಸ್ 1753ರಲ್ಲಿ ಪ್ರಕಟಿಸಿದನು. ಶೀತಪ್ರದೇಶಗಳ ಕ್ಲೋವರಿನ ಕಿರುಎಲೆಗಳಾದರೋ ಅಂಡಾಕಾರದವು. ಹಲವು ವೇಳೆ ಅವುಗಳ ಮೇಲೆ ಬಿಳಿಚಿದ ಪಟ್ಟೆಯೊಂದಿರುತ್ತದೆ. ನಮ್ಮ ಹುಲ್ಲುಹಾಸುಗಳಲ್ಲಿ ಹಬ್ಬುವ ಡೆಸ್ಮೋಡಿಯಮ್ ಟ್ರೈಫ್ಲೋರಮ್ ಎಂಬ ಗಿಡವು ಕಣ್ಣನ್ನು ಇನ್ನಷ್ಟು ವಂಚಿಸುತ್ತದೆ. ಅದರ ನಡುವಿನ ಕಿರುಎಲೆ ಮಾತ್ರ ಉಳಿದೆರಡಕ್ಕಿಂತ ತುಸು ಮುಂದಕ್ಕೆ ಚಾಚಿರುವುದನ್ನು ಗಮನಿಸಬೇಕು.

ಹೂ ಬಿಟ್ಟಾಗ ಸಂದೇಹವು ತೀರುತ್ತದೆ. ಹುಳಿಸೊಪ್ಪಿನ ಹೂವು ಹಳದಿ. ಒಂದೇ ಸಮನಾದ ಐದು ಎಸಳುಗಳು, ಹತ್ತು ಕೇಸರಗಳು. ಡೆಸ್ಮೋಡಿಯಮ್ಮಿನದು ಅವರೆಯ ಹೂವನ್ನು ಹೋಲುವ ನಸುಗೆಂಪು ಅಥವಾ ನೇರಿಳೆ ಹೂವು. ಅದು ಅವರೆಯ ಕುಟುಂಬಕ್ಕೇ ಸೇರಿದುದು. ಕ್ಲೋವರಿಗೂ ಇದೇ ಕುಟುಂಬ. ಇವೆರಡರ ಬೇರಿನ ಗಂಟುಗಳಲ್ಲಿ ನೆಲಸಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಸಸ್ಯಕ್ಕೆ ಒದಗುವ ರೂಪಕ್ಕೆ ತರುತ್ತವೆ. ಹುಳಿಸೊಪ್ಪಿಗೆ ಈ ಗಂಟುಗಳಿಲ್ಲ. ಮಿತ್ರನಾರು, ಅತಿಥಿಯಾರು ಎಂಬುದು ಇಲ್ಲಿ ಸ್ಪಷ್ಟವಾಗುವುದು.

ಹುಳಿಸೊಪ್ಪಿನ ಕಾಯಿಯ ಚಮತ್ಕಾರವು ನೋಡತಕ್ಕದ್ದು. ಐದು ಏಣುಗಳುಳ್ಳ ಈ ಕಾಯಿ ಪುಟ್ಟ ಕೊಂಬಿನಂತೆ ನೆಟ್ಟಗೆ ನಿಂತಿರುತ್ತದೆ. ಒಳಗಿನ ಒಂದೊಂದು ಬೀಜಕ್ಕೂ ರಸ ತುಂಬಿ ಬಿಗಿದ ಹೊದಿಕೆಯುಂಟು. ಬಲಿತ ಕಾಯಿಯನ್ನು ಬೆರಳಿನಿಂದ ಮುಟ್ಟಿದೊಡನೆ ಆ ಹೊದಿಕೆ ಹರಿದು ಒಳಮಗ್ಗುಲು ಹೊರಗಾಗಿ ಮಗುಚಿಕೊಳ್ಳುತ್ತದೆ. ಬೀಜವು ಕವಣೆಯ ಕಲ್ಲಿನಂತೆ ಚಿಮ್ಮುತ್ತದೆ. ಒಂದು ಕುಂಡದ ಕಳೆ ಪಕ್ಕದ ಕುಂಡಕ್ಕೆ ಹೋಗುವ ಗುಟ್ಟು ಇದೇ.

ಸಂಜೆ ಮತ್ತೊಮ್ಮೆ ತೋಟಕ್ಕೆ ಹೋಗಿ ನೋಡಿರಿ. ಹುಳಿಸೊಪ್ಪಿನ ಕಿರುಎಲೆಗಳು ಮಡಿಸಿಕೊಂಡು ಕೆಳಕ್ಕೆ ಜೋಲುತ್ತವೆ, ಕ್ಲೋವರಿನವು ಮೇಲಕ್ಕೇಳುತ್ತವೆ. ಸಸ್ಯಗಳ ಇಂತಹ ‘ನಿದ್ರೆ’ಯನ್ನು ಚಾರ್ಲ್ಸ್ ಡಾರ್ವಿನ್ನನು ತಾಳ್ಮೆಯಿಂದ ಪರೀಕ್ಷಿಸಿ 1880ರ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ.

ಹೆಸರಿಗೆ ತಕ್ಕಂತೆ ಈ ಎಲೆ ಹುಳಿ. ಇದಕ್ಕೆ ಆಕ್ಸಾಲಿಕ್ ಆಮ್ಲವೂ ಅದರ ಲವಣಗಳೂ ಕಾರಣ. ಆದರೆ ಗುರುತು ಸಿಗದ ಗಿಡವನ್ನು ಬಾಯಿಗಿಟ್ಟು ಪರೀಕ್ಷಿಸುವುದು ಸರ್ವಥಾ ಕೂಡದು. ಅದಕ್ಕೆ ಬದಲಾಗಿ ಎಲೆಯನ್ನು ಜಜ್ಜಿ ಕಿಲುಬು ಹಿಡಿದ ತಾಮ್ರದ ಕಾಸಿನ ಮೇಲೆ ಉಜ್ಜಿದರೆ ಕಾಸು ಬೆಳಗುವುದನ್ನು ಕಾಣಬಹುದು. ಆಮ್ಲವು ಲೋಹದ ಮೇಲಿನ ಆಕ್ಸೈಡನ್ನು ಕರಗಿಸುತ್ತದೆ. ಈ ಸೊಪ್ಪನ್ನು ಚಟ್ನಿಗೂ ತಂಬುಳಿಗೂ ಬಳಸುವುದುಂಟು. ಮಿತಿಮೀರಿದರೆ ಒಳ್ಳೆಯದಲ್ಲ, ಮೂತ್ರಪಿಂಡದ ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಮ್ ಆಕ್ಸಲೇಟಿನಿಂದಾದವುಗಳೇ.

ಇನ್ನು ಕೀಳುವ ಮಾತು. ಇದರ ಕಾಂಡವು ಗಿಣ್ಣುಗಿಣ್ಣಿಗೂ ಬೇರು ಬಿಡುತ್ತದೆ. ಮೇಲೆ ಕತ್ತರಿಸಿದರೆ ಪ್ರಯೋಜನವಿಲ್ಲ. ಕಾಯಿ ಬಲಿಯುವ ಮೊದಲೇ, ನೆಲ ಒದ್ದೆಯಿರುವಾಗ, ಪ್ರತಿಯೊಂದು ಗಿಣ್ಣನ್ನೂ ಬೇರುಸಹಿತ ಎತ್ತಬೇಕು. ನಿಮ್ಮ ಕೈಗೆ ಬಂದದ್ದು ಗಂಟುಬೇರಿನ ಗಿಡವಾದರೆ ಅದನ್ನು ಅಲ್ಲಿಯೇ ಬಿಟ್ಟುಬಿಡಿರಿ. ಅದು ನಿಮ್ಮ ತೋಟದ ಕೆಲಸವನ್ನೇ ಮಾಡುತ್ತಿದೆ.