ಪಾಳೆಯಪಟ್ಟು ಮತ್ತು ಚಕ್ರಾಧಿಪತ್ಯ

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ರೈಲಿನಲ್ಲಿ ಹೋಗುವವರಿಗೆ ಕಡೂರು ದಾಟಿ ಬೀರೂರು ಬಂದೊಡನೆ ದಾರಿ ಎರಡಾಗುವುದು ಕಾಣುತ್ತದೆ. ಒಂದು ಅಜ್ಜಂಪುರದ ಬಯಲಿಗೆ ಸಾಗುತ್ತದೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹೊರಳುತ್ತದೆ. ಈ ಸೀಮೆಗೂ ಜರ್ಮನಿಯ ಬಿಸ್ಮಾರ್ಕನಿಗೂ ಎತ್ತಣ ಸಂಬಂಧವೆಂದು ತಾವು ಕೇಳಬಹುದು. ನೇರವಾದ ಸಂಬಂಧವೇನೂ ಇಲ್ಲ. ಆದರೆ ದೊಡ್ಡ ರಾಜ್ಯವು ಸಣ್ಣ ಅರಸುಮನೆಯನ್ನು ನುಂಗಿದ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆ ಎರಡೂ ಕಡೆ ಒಂದೇ ಆಗಿತ್ತು.

ತರೀಕೆರೆಯ ಪಾಳೆಯಗಾರರು ಬಸವಾಪಟ್ಟಣದ ಮನೆತನದವರು. ಸಂತೆಬೆನ್ನೂರಿನ ಪುಷ್ಕರಣಿ ಆ ವಂಶದ ವೈಭವಕ್ಕೆ ಇಂದಿಗೂ ಸಾಕ್ಷಿ. ಹೈದರಾಲಿಯ ಕಾಲದಲ್ಲಿ ಅವರ ಸೀಮೆ ಮೈಸೂರಿಗೆ ಸೇರಿತು. ಅಧಿಕಾರ ಹೋದರೂ ಹೆಸರು ಉಳಿಯಿತು. ಇಂತಹ ಮನೆತನದ ಅಸಮಾಧಾನವೊಂದರಿಂದಲೇ ರಾಜ್ಯ ಅಲುಗಾಡುವುದಿಲ್ಲ. ಆದರೆ 1830ರ ಹೊತ್ತಿಗೆ ನಗರದ ಸೀಮೆಯಲ್ಲಿ ಕಂದಾಯವನ್ನು ಗುತ್ತಿಗೆ ಹಿಡಿದವರು ರೈತನನ್ನು ಹಿಂಡಿದ್ದರು. ಹೊಸಂತೆಯಲ್ಲಿ ರೈತರು ಕೂಟ ಸೇರಿದರು. ಬೂದಿ ಬಸವಪ್ಪನೆಂಬವನು ಕೆಳದಿಯ ಗಾದಿಗೆ ತಾನೇ ಹಕ್ಕುದಾರನೆಂದು ಎದ್ದನು. ತರೀಕೆರೆಯ ಪಾಳೆಯಗಾರರೂ ದಂಗೆಯ ಮುಂದಾಳುಗಳಾದರು. ಪರಿಣಾಮವು ಎಲ್ಲರಿಗೂ ತಿಳಿದದ್ದೇ. 1831ರಲ್ಲಿ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡರು. ಅದು ಹಿಂದಿರುಗಿದ್ದು 1881ರಲ್ಲಿ. ರೈತನ ಗೋಳಿಗೆ ಹಳೆಯ ಮನೆತನದ ಧ್ವಜ ದೊರೆತದ್ದರ ಬೆಲೆ ಐವತ್ತು ವರ್ಷ!

ಇನ್ನು ಪ್ರಷ್ಯದ ಕಡೆ ನೋಡೋಣ. 1866ರಲ್ಲಿ ಆಸ್ಟ್ರಿಯವನ್ನು ಸೋಲಿಸಿದ ಪ್ರಷ್ಯ ಸುಮ್ಮನಿರಲಿಲ್ಲ. ಹಾನೋವರ್, ಹೆಸ್ಸೆ-ಕಾಸೆಲ್, ನಸೌ, ಫ್ರಾಂಕ್‌ಫರ್ಟ್ ಇವನ್ನು ಸೇರಿಸಿಕೊಂಡಿತು. ಹಾನೋವರಿನ ಕುರುಡ ಅರಸ ಐದನೆಯ ಜಾರ್ಜ್ ದೇಶಾಂತರ ಹೋಗಿ, ತನ್ನದೇ ಒಂದು ದಂಡನ್ನು ಕಟ್ಟಲು ಹವಣಿಸಿದನು. 1868ರಲ್ಲಿ ಬಿಸ್ಮಾರ್ಕನು ಅವನ ಹಣವನ್ನು ಜಪ್ತಿ ಮಾಡಿ, ಅದರ ಬಡ್ಡಿಯನ್ನು ಲೆಕ್ಕ ಹೇಳದೆ ಪತ್ರಿಕೆಗಳನ್ನು ಕೊಳ್ಳಲು ಬಳಸಿದನು. ಬವೇರಿಯದ ಎರಡನೆಯ ಲೂಡ್ವಿಗ್‌ನಿಗೂ ಗುಟ್ಟಾಗಿ ಹಣ ಸಂದಿತು. ಪ್ರಷ್ಯದ ಅರಸನು ಚಕ್ರವರ್ತಿಯಾಗಬೇಕೆಂದು 1870ರ ಕೊನೆಯಲ್ಲಿ ಲೂಡ್ವಿಗ್ ಬರೆದ ಪತ್ರದ ಕರಡೂ ಬಿಸ್ಮಾರ್ಕನದೇ. ಇದನ್ನು ಚಾಣಾಕ್ಷತೆ ಎನ್ನುವವರುಂಟು; ನನಗೆ ಇದು ಅವನ ಕೀರ್ತಿಗೆ ಹತ್ತಿದ ಮಸಿಯೆಂದೇ ತೋರುತ್ತದೆ.

ಆದರೂ ಅದೇ ಮನುಷ್ಯನು ಎರಡು ಕಡೆ ಕೈ ಬಿಗಿಹಿಡಿಯಲಿಲ್ಲ. ಮೊದಲನೆಯದು, ನುಂಗದೆ ಬಿಟ್ಟ ಅರಸರ ವಿಷಯ. 1871ರ ರಾಜ್ಯಾಂಗದಲ್ಲಿ ಸಂಯುಕ್ತ ಸಭೆಯ 58 ಮತಗಳಲ್ಲಿ ಪ್ರಷ್ಯ ಇಟ್ಟುಕೊಂಡದ್ದು 17. ಬವೇರಿಯಕ್ಕೆ ಆರು, ಸ್ಯಾಕ್ಸನಿಗೆ ನಾಲ್ಕು. ಬವೇರಿಯಕ್ಕೆ ತನ್ನ ಅಂಚೆ, ತನ್ನ ರೈಲು, ಶಾಂತಿಕಾಲದಲ್ಲಿ ತನ್ನ ಸೈನ್ಯ, ಬಿಯರಿನ ತೆರಿಗೆ ಕೂಡ ಉಳಿದವು. ತಿದ್ದುಪಡಿಯನ್ನು ತಡೆಯಲು 14 ಮತ ಸಾಕಾಗಿದ್ದುದರಿಂದ ಕೊನೆಯ ಬೀಗದ ಕೈ ಮಾತ್ರ ಪ್ರಷ್ಯದ ಬಳಿಯಲ್ಲೇ ಇತ್ತೆಂಬುದನ್ನು ಮರೆಯಲಾಗದು.

ಎರಡನೆಯದು ಹಾನೋವರಿನ ಪ್ರಜೆಗಳ ವಿಷಯ. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ. ಅರಸನ ಹಣವನ್ನು ಜಪ್ತಿ ಮಾಡಿದ ವರ್ಷವೇ, ಪ್ರಷ್ಯದ ಸಂಪ್ರದಾಯನಿಷ್ಠರು ಎಷ್ಟು ಗೊಣಗಿದರೂ, ಆ ಪ್ರಾಂತಕ್ಕೆ ತನ್ನ ರಸ್ತೆ, ಧರ್ಮಕಾರ್ಯಗಳಿಗಾಗಿ ಸ್ವಂತ ನಿಧಿಯೊಂದನ್ನು ಬಿಸ್ಮಾರ್ಕನು ಕೊಡಿಸಿದನು. ಹಳೆಯ ಅರಸನ ಪಕ್ಷ ಅಲ್ಲಿ ಸಾಯಲಿಲ್ಲ. ದಶಕಗಳ ಕಾಲ ಚುನಾವಣೆಗೆ ನಿಂತು ರೈಷ್‌ಸ್ಟಾಗಿನಲ್ಲಿ ಸ್ಥಾನಗಳನ್ನು ಪಡೆಯುತ್ತಿತ್ತು. ಆದರೆ ಹಾನೋವರಿನ ರೈತನು ಆ ಅರಸನಿಗಾಗಿ ಕತ್ತಿ ಹಿಡಿಯಲಿಲ್ಲ. ಹಿಡಿಯಬೇಕಾದಷ್ಟು ನೋವನ್ನು ಹೊಸ ಸರ್ಕಾರ ಅವನಿಗೆ ಉಂಟುಮಾಡಿರಲಿಲ್ಲ. ನಗರದ ಸೀಮೆಯಲ್ಲಿ ತಪ್ಪಿದ್ದು ಇಲ್ಲಿಯೇ. ಅಲ್ಲಿ ರೈತನಿಗೆ ದೂರು ಹೇಳಿಕೊಳ್ಳಲು ಸಭೆಯೂ ಇರಲಿಲ್ಲ, ಗುತ್ತಿಗೆದಾರನಿಂದ ಬಿಡುಗಡೆಯೂ ಇರಲಿಲ್ಲ. ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲು ಸೇರಿದ್ದು 1881ರ ಅಕ್ಟೋಬರಿನಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ.

ಹಾನೋವರಿನ ಕಥೆಗೆ ಒಂದು ಬಾಲವುಂಟು. ಜಪ್ತಿಯಾದ ಹಣದ ಬಡ್ಡಿ 1892ರಿಂದ ಆ ಮನೆತನಕ್ಕೆ ಮತ್ತೆ ಸಲ್ಲತೊಡಗಿತು. 1913ರಲ್ಲಿ ಐದನೆಯ ಜಾರ್ಜನ ಮೊಮ್ಮಗನಿಗೆ ಕೈಸರನು ತನ್ನ ಒಬ್ಬಳೇ ಮಗಳನ್ನು ಧಾರೆಯೆರೆದು ಕೊಟ್ಟನು.